ಜರಾಯುವಿನ ರಕ್ತಸಂಚಾರ ಅಳೆಯುವ ಎಂಆರ್‌ಐ: ಡಾಪ್ಲರ್ ಇರುವಾಗ ಇದೇಕೆ?

ಸೂಜಿ ಚುಚ್ಚದೆ, ಔಷಧ ಕೊಡದೆ, ಕ್ಷ-ಕಿರಣ ಬಳಸದೆ, ಗರ್ಭಿಣಿಯ ಜರಾಯುವಿನೊಳಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನು ಎಂಆರ್‌ಐ ಅಳೆಯಬಲ್ಲದು ಎಂಬ ಸುದ್ದಿ ಕೆಲವು ವರ್ಷಗಳಿಂದ ಆಗಾಗ ಕಾಣಿಸಿಕೊಳ್ಳುತ್ತಿದೆ. ಬಿ.ಪಿ. ಏರುವ ಮೊದಲೇ, ಮಗುವಿನ ಬೆಳವಣಿಗೆ ನಿಲ್ಲುವ ಮೊದಲೇ ಅಪಾಯದ ಸುಳಿವು ಸಿಗುತ್ತದೆ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಓದಿದವರಿಗೆ ಗೊಂದಲ ಆಗುವುದು ಸಹಜ. ಏಳನೇ ತಿಂಗಳ ಡಾಪ್ಲರ್ ಸ್ಕ್ಯಾನ್‌ನಲ್ಲಿ ‘ರಕ್ತದ ಓಡಾಟ ಚೆನ್ನಾಗಿದೆ’ ಎಂದು ವೈದ್ಯರು ಹೇಳಿದ್ದರಲ್ಲ, ಅದು ಬೇರೆಯೇ? ಹಿಂದೆ ಸಿಸೇರಿಯನ್ ಆದವರಿಗೆ ಜರಾಯುವಿನ ಎಂಆರ್‌ಐ ಈಗಲೂ ಬರೆದುಕೊಡುತ್ತಾರಲ್ಲ, ಅದೇ ಇದೇ? ಇಷ್ಟು ಒಳ್ಳೆಯದಾದರೆ ಎಲ್ಲ ಬಸುರಿಯರಿಗೂ ಯಾಕೆ ಮಾಡಿಸಬಾರದು?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸರಳ: ಡಾಪ್ಲರ್ ಅಳೆಯುವುದು ಬೇರೆ, ಈ ಎಂಆರ್‌ಐ ಅಳೆಯಹೊರಟಿರುವುದು ಬೇರೆ. ಸಿಸೇರಿಯನ್ ಗಾಯದ ಜಾಗಕ್ಕೆ ಜರಾಯು ಅಂಟಿಕೊಂಡು ಒಳಕ್ಕೆ ಇಳಿದಿದೆಯೇ ಎಂದು ನೋಡುವ ಎಂಆರ್‌ಐ ಮೂರನೆಯದೇ ಒಂದು ಪರೀಕ್ಷೆ; ಅದು ಜರಾಯು ಎಲ್ಲಿ, ಹೇಗೆ ಕೂತಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಅದು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಮೂರನೇ ಪ್ರಶ್ನೆಗೆ ಉತ್ತರ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜರಾಯುವಿನಲ್ಲಿ ನಡೆಯುವುದೇನು?

ಹೆರಿಗೆಯಾದ ಮೇಲೆ ‘ಮಾಸು ಬಿತ್ತಾ?’ ಎಂದು ಹಿರಿಯರು ಕೇಳುತ್ತಾರಲ್ಲ, ಆ ಮಾಸೇ ಜರಾಯು. ದಿನ ತುಂಬಿದಾಗ ಅದರ ತೂಕ ಸುಮಾರು ಅರ್ಧ ಕಿಲೊ, ಅಗಲ 20 ಸೆಂಟಿಮೀಟರಿನ ಆಸುಪಾಸು, ದಪ್ಪ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂಬತ್ತು ತಿಂಗಳ ಕಾಲ ಮಗುವಿಗೆ ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲದರ ಕೆಲಸವನ್ನೂ ಮಾಡುವುದು ಇದೇ.

ತಾಯಿಯ ರಕ್ತ ಮತ್ತು ಮಗುವಿನ ರಕ್ತ ಇಲ್ಲಿ ಬೆರೆಯುವುದಿಲ್ಲ. ಹೊಕ್ಕುಳಬಳ್ಳಿಯ ಮೂಲಕ ಬರುವ ಮಗುವಿನ ರಕ್ತ ‘ವಿಲ್ಲೈ’ ಎಂಬ ಅತಿ ಸಣ್ಣ ಕವಲುಗಳೊಳಗೆ ಓಡಾಡುತ್ತದೆ. ಈ ಕವಲುಗಳನ್ನೆಲ್ಲ ಬಿಡಿಸಿ ಹರಡಿದರೆ ಮೇಲ್ಮೈ 10 ಚದರ ಮೀಟರಿಗೂ ಹೆಚ್ಚಾಗುತ್ತದೆ. ಗರ್ಭಕೋಶದ ಗೋಡೆಯಲ್ಲಿರುವ ಸುರುಳಿ ಅಪಧಮನಿಗಳಿಂದ ಬರುವ ತಾಯಿಯ ರಕ್ತ ಕವಲುಗಳ ನಡುವಿನ ತೆರವಿಗೆ ನೇರವಾಗಿ ಸುರಿದು, ಅವುಗಳನ್ನು ಸುತ್ತುವರಿದು, ಆಮ್ಲಜನಕ ಕೊಟ್ಟು, ಅಭಿಧಮನಿಗಳ ಮೂಲಕ ವಾಪಸಾಗುತ್ತದೆ. ದಿನ ತುಂಬುವ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ತಾಯಿಯ ಹೃದಯ ಹೊರಹಾಕುವ ರಕ್ತದ ಹತ್ತನೇ ಒಂದು ಭಾಗಕ್ಕೂ ಮಿಗಿಲು.

ಇಷ್ಟು ರಕ್ತ ಬರಬೇಕಾದರೆ ಸುರುಳಿ ಅಪಧಮನಿಗಳ ಸ್ವರೂಪವೇ ಬದಲಾಗಬೇಕು. ಬಸಿರಿನ ಮೊದಲ ಅರ್ಧದಲ್ಲಿ ಜರಾಯುವಿನ ಜೀವಕೋಶಗಳು ಆ ನಾಳಗಳ ಗೋಡೆಗೆ ನುಗ್ಗಿ ಅಲ್ಲಿನ ಸ್ನಾಯುವನ್ನು ತೆಗೆದುಹಾಕುತ್ತವೆ. ಕಿರಿದಾಗಿದ್ದ ನಾಳ ಬಾಯಿ ತೆರೆದು ಸಡಿಲವಾಗುತ್ತದೆ, ರಕ್ತ ನಿಧಾನವಾಗಿ, ಧಾರಾಳವಾಗಿ ಒಳಗೆ ಬರುತ್ತದೆ. ಈ ಕೆಲಸ ಅರೆಬರೆಯಾದರೆ ನಾಳದ ಬಾಯಿ ಕಿರಿದಾಗಿಯೇ ಉಳಿಯುತ್ತದೆ. ಆಗ ರಕ್ತ ರಭಸದಿಂದ ಚಿಮ್ಮಿ ಕವಲುಗಳಿಗೆ ಪೆಟ್ಟು ಕೊಡುತ್ತದೆ. ಸ್ನಾಯು ಉಳಿದುಕೊಂಡಿರುವುದರಿಂದ ನಾಳ ಆಗಾಗ ಬಿಗಿದುಕೊಂಡು ಪೂರೈಕೆ ನಿಂತು ನಿಂತು ಬರುತ್ತದೆ. ಗರ್ಭಿಣಿಯರ ಬಿ.ಪಿ. ಕಾಯಿಲೆಯಾದ ಪ್ರಿ-ಎಕ್ಲಾಂಪ್ಸಿಯಾ, ಹೊಟ್ಟೆಯಲ್ಲೇ ಮಗುವಿನ ಬೆಳವಣಿಗೆ ಕುಂಠಿತವಾಗುವುದು, ಕೆಲವು ಮೃತ ಜನನಗಳು — ಇವುಗಳ ಬೇರು ಬಹಳಷ್ಟು ಸಲ ಇಲ್ಲೇ ಇರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಕಾಲದ ಅಂತರ. ತಪ್ಪುವುದು ಮೂರು–ನಾಲ್ಕನೇ ತಿಂಗಳಲ್ಲಿ, ಅದು ಕಣ್ಣಿಗೆ ಕಾಣುವುದು ಏಳು–ಎಂಟನೇ ತಿಂಗಳಲ್ಲಿ. ನಡುವಿನ ತಿಂಗಳುಗಳಲ್ಲಿ ತಾಯಿಗೆ ಏನೂ ಅನ್ನಿಸುವುದಿಲ್ಲ. ಸಂಶೋಧಕರು ಎಂಆರ್‌ಐ ಹಿಂದೆ ಬಿದ್ದಿರುವುದು ಈ ಮೌನದ ತಿಂಗಳುಗಳಿಗಾಗಿ.

ಡಾಪ್ಲರ್ ಎಲ್ಲಿಯವರೆಗೆ ನೋಡುತ್ತದೆ?

ಡಾಪ್ಲರ್ ಸ್ಕ್ಯಾನ್ ರಕ್ತ ಓಡುವ ವೇಗವನ್ನು ನೋಡುತ್ತದೆ. ತಾಯಿಯ ಕಡೆ ಗರ್ಭಕೋಶದ ಅಪಧಮನಿ, ಮಗುವಿನ ಕಡೆ ಹೊಕ್ಕುಳಬಳ್ಳಿಯ ಅಪಧಮನಿ, ಮಗುವಿನ ಮೆದುಳಿನ ಅಪಧಮನಿ — ಹೀಗೆ ದೊಡ್ಡ ನಾಳಗಳಲ್ಲಿ ಹೃದಯ ಒತ್ತಿದಾಗಿನ ವೇಗಕ್ಕೂ ಸಡಿಲಿಸಿದಾಗಿನ ವೇಗಕ್ಕೂ ಇರುವ ವ್ಯತ್ಯಾಸ ಲೆಕ್ಕ ಹಾಕಿ, ಮುಂದೆ ಎಷ್ಟು ತಡೆ ಇದೆ ಎಂದು ಊಹಿಸುತ್ತದೆ. ವರದಿಯಲ್ಲಿ ಕಾಣುವ ‘ಪಿ.ಐ.’ ಅಂಕಿ ಇದೇ.

ನೀರಾವರಿ ಕಾಲುವೆ ಕಂಡವರಿಗೆ ಇದರ ಮಿತಿ ಬೇಗ ಅರ್ಥವಾಗುತ್ತದೆ. ತೂಬಿನ ಬಳಿ ನೀರು ಎಷ್ಟು ರಭಸದಿಂದ ಹೋಗುತ್ತಿದೆ ಎಂದು ನೋಡಿ ಒಂದು ಅಂದಾಜು ಮಾಡಬಹುದು. ಆದರೆ ಕಾಲುವೆಯ ಕೊನೆಭಾಗದ ಗದ್ದೆಗೆ ನೀರು ಮುಟ್ಟಿತೇ ಎಂಬುದು ಅಲ್ಲಿ ಹೋಗಿ ನೋಡಿದರೇ ಗೊತ್ತಾಗುವುದು. ಡಾಪ್ಲರ್ ನಿಂತಿರುವುದು ತೂಬಿನ ಬಳಿ.

ಇದರಿಂದ ಎರಡು ಪರಿಣಾಮಗಳಿವೆ. ಹೊಕ್ಕುಳಬಳ್ಳಿಯ ಅಪಧಮನಿಯಲ್ಲಿ ಹೃದಯ ಸಡಿಲಿಸಿದ ಕ್ಷಣದ ಹರಿವು ನಿಂತುಹೋಗುವುದು ಅಥವಾ ಹಿಮ್ಮುಖವಾಗುವುದು ಗಂಭೀರ ಲಕ್ಷಣ. ಆದರೆ ಅದು ಕಾಣಿಸಿಕೊಳ್ಳುವುದು ಜರಾಯುವಿನ ಸಣ್ಣ ನಾಳಗಳ ದೊಡ್ಡ ಪಾಲು ಹಾಳಾದ ಮೇಲೆ. ಇನ್ನೊಂದು, 32ನೇ ವಾರದ ನಂತರ ಕುಂಠಿತವಾಗುವ ಮಕ್ಕಳಲ್ಲಿ ಈ ಅಪಧಮನಿಯ ಡಾಪ್ಲರ್ ಅನೇಕ ಸಲ ಸಾಮಾನ್ಯವಾಗಿಯೇ ಇರುತ್ತದೆ. ಹೀಗಾಗಿ ಹುಟ್ಟುಗುಣದಿಂದಲೇ ಸಣ್ಣಗಿರುವ, ಆದರೆ ಆರೋಗ್ಯವಾಗಿರುವ ಮಗು ಯಾವುದು, ಪೂರೈಕೆ ಸಾಲದೆ ಸಣ್ಣಗಾದ ಮಗು ಯಾವುದು ಎಂದು ಬೇರ್ಪಡಿಸುವುದು ವೈದ್ಯರಿಗೆ ಇಂದಿಗೂ ತಲೆನೋವು. ಮೊದಲನೆಯದನ್ನು ಎರಡನೆಯದು ಎಂದುಕೊಂಡರೆ ಬೇಡದ ಸಿಸೇರಿಯನ್. ಎರಡನೆಯದನ್ನು ಮೊದಲನೆಯದು ಎಂದುಕೊಂಡರೆ ಮಗುವನ್ನೇ ಕಳೆದುಕೊಳ್ಳಬಹುದು.

ಕಾಂಟ್ರಾಸ್ಟ್ ಔಷಧ ಯಾಕೆ ಕೊಡುವಂತಿಲ್ಲ?

ಬೇರೆ ಅಂಗಗಳಲ್ಲಿ ರಕ್ತಸಂಚಾರ ನೋಡಲು ಎಂಆರ್‌ಐನಲ್ಲಿ ಗ್ಯಾಡೊಲಿನಿಯಂ ಎಂಬ ಲೋಹದ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಗರ್ಭಿಣಿಯರಲ್ಲಿ ಅದು ಜರಾಯು ದಾಟಿ ಮಗುವಿನ ದೇಹಕ್ಕೆ ಹೋಗುತ್ತದೆ, ಮೂತ್ರವಾಗಿ ಗರ್ಭನೀರಿಗೆ ಸೇರುತ್ತದೆ, ಮಗು ಆ ನೀರನ್ನೇ ಮತ್ತೆ ಕುಡಿಯುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹೆರಿಗೆ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಎರಡು ವಿಷಯ ಹೇಳಿತು. ಮೊದಲ ಮೂರು ತಿಂಗಳಲ್ಲಿ ಔಷಧವಿಲ್ಲದೆ ಮಾಡಿದ ಎಂಆರ್‌ಐನಿಂದ ಮಗುವಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಗ್ಯಾಡೊಲಿನಿಯಂ ಪಡೆದವರಲ್ಲಿ ಮಾತ್ರ ಮೃತ ಜನನ ಅಥವಾ ನವಜಾತ ಶಿಶುವಿನ ಮರಣ ಮತ್ತು ಮಕ್ಕಳಲ್ಲಿ ಕೆಲವು ಉರಿಯೂತದ ಕಾಯಿಲೆಗಳ ಸಾಧ್ಯತೆ ಹೆಚ್ಚು ಕಂಡಿತು. ಹಾಗಾಗಿ ತೀರಾ ಅನಿವಾರ್ಯವಾದ ಹೊರತು ಗರ್ಭಿಣಿಗೆ ಈ ಔಷಧ ಕೊಡಬಾರದು ಎಂಬುದೇ ಈಗಿನ ನಿಲುವು.

ಅಂದರೆ ಔಷಧವಿಲ್ಲದೆ ರಕ್ತವನ್ನು ಗುರುತಿಸುವ ದಾರಿ ಹುಡುಕಲೇಬೇಕಿತ್ತು. ಹುಡುಕಾಟ ಹೊಸದಲ್ಲ. ವೇಗದ ಎಂಆರ್‌ಐ ವಿಧಾನ ರೂಪಿಸಿ 2003ರಲ್ಲಿ ಪಾಲ್ ಲಾಟರ್‌ಬರ್ ಜೊತೆ ನೊಬೆಲ್ ಹಂಚಿಕೊಂಡ ಪೀಟರ್ ಮ್ಯಾನ್ಸ್‌ಫೀಲ್ಡ್ ಇದ್ದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪೆನ್ನಿ ಗೌಲ್ಯಾಂಡ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಜರಾಯುವಿನ ರಕ್ತಸಂಚಾರ ಅಳೆಯಲು ಯತ್ನಿಸಿದ್ದರು. ಆದರೆ ಹಣ ಮತ್ತು ಗಮನ ಎರಡೂ ಈ ಕಡೆ ಹರಿದದ್ದು 2014ರ ನಂತರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಕ್ಕಳ ಆರೋಗ್ಯ ವಿಭಾಗ ‘ಹ್ಯೂಮನ್ ಪ್ಲಾಸೆಂಟಾ ಪ್ರಾಜೆಕ್ಟ್’ ಆರಂಭಿಸಿ, ಮರುವರ್ಷ 4 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಸಂಶೋಧನಾ ತಂಡಗಳಿಗೆ ಹಂಚಿತು. ಬಸಿರು ನಡೆಯುತ್ತಿರುವಾಗಲೇ ಜರಾಯುವನ್ನು ಅರಿಯುವ ಸಾಧನ ಬೇಕು ಎಂಬುದು ಆ ಯೋಜನೆಯ ಗುರಿ. ಈಗ ಓದುತ್ತಿರುವ ಸುದ್ದಿಗಳಲ್ಲಿ ಬಹಳಷ್ಟು ಅದರ ಫಲ.

ರಕ್ತದ ನೀರಿಗೇ ಗುರುತು

ಒಂದು ವಿಧಾನದ ಹೆಸರು ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್, ಚಿಕ್ಕದಾಗಿ ಎಎಸ್‌ಎಲ್. ರಕ್ತದಲ್ಲಿ ಹೆಚ್ಚಿನಂಶ ನೀರು. ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಯಂತ್ರದ ಕಾಂತಕ್ಷೇತ್ರದಲ್ಲಿ ಒಂದು ದಿಕ್ಕಿಗೆ ವಾಲಿಕೊಂಡಿರುತ್ತವೆ. ರಕ್ತ ಜರಾಯು ತಲುಪುವ ಮೊದಲೇ ರೇಡಿಯೊ ತರಂಗ ಕೊಟ್ಟು ಆ ಕಣಗಳ ದಿಕ್ಕನ್ನು ತಿರುಗಿಸುತ್ತಾರೆ. ಗುರುತು ಬಿದ್ದ ರಕ್ತ ಜರಾಯುವಿಗೆ ಇಳಿಯಲು ಒಂದೆರಡು ಸೆಕೆಂಡು ಬಿಟ್ಟು ಚಿತ್ರ ತೆಗೆಯುತ್ತಾರೆ. ಗುರುತು ಹಾಕದೆ ಇನ್ನೊಂದು ಚಿತ್ರ ತೆಗೆಯುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಆ ಹೊತ್ತಿನಲ್ಲಿ ಒಳಗೆ ಬಂದ ರಕ್ತದ ಗುರುತು ಮಾತ್ರ. ಫಲಿತಾಂಶ ‘100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್’ ಎಂಬ ಅಂಕಿಯಾಗಿ ಬರುತ್ತದೆ, ಜರಾಯುವಿನ ಯಾವ ಭಾಗಕ್ಕೆ ಎಷ್ಟು ಎಂಬ ನಕ್ಷೆಯಾಗಿಯೂ ಬರುತ್ತದೆ. ತಾಯಿಯ ದೇಹಕ್ಕೆ ಹೊರಗಿನಿಂದ ಏನೂ ಸೇರುವುದಿಲ್ಲ.

ಕೇಳಲು ಇಷ್ಟೇ. ಮಾಡುವಾಗ ಕಷ್ಟಗಳು ಒಂದರ ಮೇಲೊಂದು. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಬಹಳ ಚಿಕ್ಕದು, ಶೇಕಡಾ ಒಂದೆರಡರ ಲೆಕ್ಕದಲ್ಲಿರುತ್ತದೆ. ಹಾಗಾಗಿ ಮತ್ತೆ ಮತ್ತೆ ತೆಗೆದು ಸರಾಸರಿ ನೋಡಬೇಕು. ಹಾಕಿದ ಗುರುತು ಕೆಲವೇ ಸೆಕೆಂಡುಗಳಲ್ಲಿ ಅಳಿಸಿಹೋಗುತ್ತದೆ. ಮೆದುಳಿಗಾದರೆ ಕುತ್ತಿಗೆಯಲ್ಲಿ ನೇರವಾಗಿ ಮೇಲೇರುವ ಅಪಧಮನಿಗಳಿವೆ, ಒಂದೇ ಕಡೆ ಗುರುತು ಹಾಕಿದರೆ ಸಾಕು. ಗರ್ಭಕೋಶಕ್ಕೆ ರಕ್ತ ಬರುವುದು ಎಡಬಲ ಎರಡೂ ಕಡೆಯಿಂದ, ಅಂಕುಡೊಂಕಾದ ದಾರಿಯಲ್ಲಿ. ಅಂಡಾಶಯದ ಅಪಧಮನಿಗಳ ಪಾಲೂ ಸೇರುತ್ತದೆ. ಯಾವ ಜಾಗದಲ್ಲಿ ಗುರುತು ಹಾಕಬೇಕು ಎಂಬುದೇ ಪ್ರಶ್ನೆ.

ಇದಕ್ಕೆ ಬೇರೆ ಬೇರೆ ತಂಡಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ವಾಷಿಂಗ್ಟನ್ನಿನ ಚಿಲ್ಡ್ರನ್ಸ್ ನ್ಯಾಷನಲ್ ಆಸ್ಪತ್ರೆಯ ತಂಡ ಜಾಗದ ಬದಲು ವೇಗವನ್ನು ಆಧಾರವಾಗಿಟ್ಟುಕೊಂಡು ಗುರುತು ಹಾಕಿತು: ಇಂತಿಷ್ಟು ವೇಗಕ್ಕಿಂತ ಜೋರಾಗಿ ಓಡುವ ರಕ್ತ ಎಲ್ಲಿದ್ದರೂ ಅದಕ್ಕೆ ಗುರುತು ಬೀಳುತ್ತದೆ. ಹೃದಯದ ದೋಷವಿರುವ ಶಿಶುಗಳನ್ನು ಹೊತ್ತ ತಾಯಂದಿರ ಜರಾಯುವನ್ನು ಈ ಬಗೆಯಲ್ಲಿ ನೋಡಿದ ವರದಿ 2017ರಲ್ಲಿ ಬಂತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಗುರುತು ಹಾಕಿದ ಮೇಲೆ ಬೇರೆ ಬೇರೆ ಅವಧಿ ಕಾದು ಚಿತ್ರ ತೆಗೆದು, ರಕ್ತ ಬಂದು ಸೇರಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಈ ತಂಡ ಬಸಿರಿನ ಮೊದಲ ಅರ್ಧದಲ್ಲೇ, ನಾಲ್ಕು–ಐದನೇ ತಿಂಗಳಲ್ಲೇ ಅಳೆಯಲು ಹೊರಟದ್ದು ವಿಶೇಷ. ಮೇಲೆ ಹೇಳಿದ ಮೌನದ ತಿಂಗಳುಗಳು ಇವೇ.

ಆಮ್ಲಜನಕದ ಸುಳಿವು ಹಿಡಿಯುವ ದಾರಿ

ಇನ್ನೊಂದು ವಿಧಾನ ಹರಿವನ್ನು ಬಿಟ್ಟು ಆಮ್ಲಜನಕದ ಹಿಂದೆ ಹೋಗುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗೆ ಕಾಂತಗುಣ ಬರುತ್ತದೆ. ಅದು ತನ್ನ ಸುತ್ತಲಿನ ಎಂಆರ್‌ಐ ಸಂಕೇತವನ್ನು ಬೇಗ ಕುಂದಿಸುತ್ತದೆ. ಸಂಕೇತ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಅಳತೆಗೆ ‘ಟಿ2 ಸ್ಟಾರ್’ ಎನ್ನುತ್ತಾರೆ. ಅದು ಕಡಿಮೆ ಇದ್ದರೆ ಅಲ್ಲಿ ಆಮ್ಲಜನಕ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಡೆನ್ಮಾರ್ಕಿನ ಆಲ್ಬೋರ್ಗ್‌ನ ತಂಡ, ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಈ ದಾರಿಯಲ್ಲಿ ಬಹಳ ಕೆಲಸ ಮಾಡಿವೆ. ಪೂರೈಕೆ ಸಾಲದೆ ಸಣ್ಣಗೆ ಹುಟ್ಟಿದ ಮಕ್ಕಳ ಜರಾಯುವಿನಲ್ಲಿ ಈ ಅಳತೆ ಸ್ಪಷ್ಟವಾಗಿ ಕಡಿಮೆ ಇರುವುದು ಪದೇ ಪದೇ ಕಂಡುಬಂದಿದೆ.

ಈ ಸಾಲಿನ ಅಧ್ಯಯನಗಳಲ್ಲಿ ನನಗೆ ಅತ್ಯಂತ ಮನವರಿಕೆಯಾಗುವಂಥದ್ದು ಬಾಸ್ಟನ್ನಿನ ಸಂಶೋಧಕರು ಅವಳಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ್ದು. ಒಂದೇ ಜರಾಯುವನ್ನು ಹಂಚಿಕೊಂಡ ತದ್ರೂಪಿ ಅವಳಿಗಳಲ್ಲಿ ಒಂದು ದಪ್ಪ, ಇನ್ನೊಂದು ಸಣ್ಣ. ತಾಯಿ ಒಬ್ಬಳೇ, ಆಹಾರ ಒಂದೇ, ವಂಶವಾಹಿ ಒಂದೇ. ಬೇರೆ ಇರುವುದು ಇಬ್ಬರ ಪಾಲಿಗೆ ಬಂದ ಜರಾಯುವಿನ ಭಾಗ ಮಾತ್ರ. ತಾಯಿಗೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟು, ಆ ಆಮ್ಲಜನಕ ಜರಾಯುವಿನ ಒಂದೊಂದು ಭಾಗದಲ್ಲಿ ಪೂರ್ತಿ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿದರು. ಸಣ್ಣ ಮಗುವಿನ ಕಡೆ ಹೆಚ್ಚು ಹೊತ್ತು ಹಿಡಿಯಿತು. ಅಧ್ಯಯನಕ್ಕೆ ಒಳಪಟ್ಟ ಜೋಡಿಗಳು ಬೆರಳೆಣಿಕೆಯಷ್ಟು, ನಿಜ. ಆದರೆ ಬೇರೆ ಕಾರಣಗಳನ್ನೆಲ್ಲ ಇಷ್ಟು ಚೊಕ್ಕವಾಗಿ ಬದಿಗಿಡಲು ಸಾಧ್ಯವಾಗುವ ಸನ್ನಿವೇಶ ಮನುಷ್ಯರಲ್ಲಿ ಅಪರೂಪ.

ಟಿ2 ಸ್ಟಾರ್ ಬೇಗ ಸಿಗುತ್ತದೆ, ಸಂಕೇತ ಬಲವಾಗಿದೆ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಅರ್ಥ ಮಾಡಿಕೊಳ್ಳುವಲ್ಲಿ ಒಂದು ತೊಡಕಿದೆ. ಆಮ್ಲಜನಕ ಕಡಿಮೆ ಇರುವುದು ತಾಯಿಯ ರಕ್ತ ಸಾಕಷ್ಟು ಬರದೆ ಇರುವುದರಿಂದಲೋ ಅಥವಾ ಬಂದದ್ದನ್ನು ಚೆನ್ನಾಗಿ ಬೆಳೆಯುತ್ತಿರುವ ಮಗು ಬಳಸಿಕೊಂಡಿದ್ದರಿಂದಲೋ? ದಿನ ತುಂಬುತ್ತಾ ಹೋದಂತೆ ಆರೋಗ್ಯವಂತ ಜರಾಯುವಿನಲ್ಲೂ ಈ ಅಳತೆ ಇಳಿಯುತ್ತದೆ. ಆದ್ದರಿಂದ ವಾರವಾರಕ್ಕೂ ‘ಸಾಮಾನ್ಯ’ ಎಷ್ಟು ಎಂಬ ಪಟ್ಟಿ ಬೇಕು, ಬಸಿರಿನ ವಾರ ಸರಿಯಾಗಿ ಗೊತ್ತಿರಬೇಕು. ಯಂತ್ರದ ಕಾಂತಕ್ಷೇತ್ರದ ಶಕ್ತಿ 1.5 ಟೆಸ್ಲಾ ಆದರೆ ಒಂದು ಅಂಕಿ, 3 ಟೆಸ್ಲಾ ಆದರೆ ಬೇರೆ ಅಂಕಿ. ಹರಿವು ಮತ್ತು ಆಮ್ಲಜನಕ ಎರಡನ್ನೂ ಒಟ್ಟಿಗೆ ಅಳೆದು ಒಂದರ ಸಂಶಯವನ್ನು ಇನ್ನೊಂದರಿಂದ ಬಗೆಹರಿಸಿಕೊಳ್ಳುವ ಪ್ರಯತ್ನಗಳು ನಡೆಯುತ್ತಿರುವುದು ಇದಕ್ಕಾಗಿಯೇ.

ಜರಾಯು ಸುಮ್ಮನೆ ಇರುವುದಿಲ್ಲ

ಎಂಆರ್‌ಐ ಮಾಡುವಾಗ ಅಲುಗಾಡಬೇಡಿ ಎನ್ನುತ್ತಾರೆ. ಬಸುರಿಯ ಹೊಟ್ಟೆಯಲ್ಲಿ ಅಲುಗದೆ ಇರುವುದು ಯಾವುದು? ತಾಯಿ ಉಸಿರಾಡುತ್ತಾಳೆ, ಮಗು ಒದೆಯುತ್ತದೆ, ಗರ್ಭಕೋಶ ಆಗಾಗ ಬಿಗಿಯುತ್ತದೆ. ತಾಯಿ ಅಂಗಾತ ಮಲಗಿದರೆ ಗರ್ಭದ ಭಾರಕ್ಕೆ ದೊಡ್ಡ ರಕ್ತನಾಳಗಳು ಒತ್ತಿಕೊಂಡು ಹರಿವೇ ಬದಲಾಗಬಹುದು. ಅದಕ್ಕೇ ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಸಂಕೇತ ಹಿಡಿಯುವ ಕಾಯಿಲ್ ಕಟ್ಟಿ, ಕಿವಿಗೆ ಶಬ್ದ ತಡೆಯುವ ಸಾಧನ ಇಟ್ಟು ಸ್ಕ್ಯಾನ್ ಮಾಡುತ್ತಾರೆ.

ಇದೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು 2020ರಲ್ಲಿ ನಾಟಿಂಗ್‌ಹ್ಯಾಮ್ ತಂಡ ಹೊರಗೆಡವಿದ ವಿಷಯ. ಜರಾಯು ಮತ್ತು ಅದರ ಕೆಳಗಿನ ಗರ್ಭಕೋಶದ ಗೋಡೆಯ ಭಾಗ ಮಾತ್ರ ಆಗಾಗ ಕುಗ್ಗಿ, ಒಳಗಿನ ರಕ್ತವನ್ನು ಹೊರಕ್ಕೆ ತಳ್ಳಿ, ಮತ್ತೆ ಹಿಗ್ಗುತ್ತದೆ. ಇಡೀ ಗರ್ಭಕೋಶ ಬಿಗಿಯುವ, ತಾಯಿಗೆ ತಿಳಿಯುವ ಬಿಗಿತ ಇದಲ್ಲ. ನಿಂತ ರಕ್ತವನ್ನು ಕದಲಿಸಿ ಹೊಸ ರಕ್ತಕ್ಕೆ ಜಾಗ ಮಾಡಿಕೊಡುವ ಪಂಪಿನ ಕೆಲಸ ಇದಿರಬಹುದು ಎಂದು ಅವರು ಭಾವಿಸಿದರು. ಎಂಆರ್‌ಐ ಇಲ್ಲದಿದ್ದರೆ ಇದು ಕಣ್ಣಿಗೆ ಬೀಳುವುದು ಕಷ್ಟವಿತ್ತು. ಅದೇ ಹೊತ್ತಿಗೆ ಇದರಿಂದ ಅಳತೆಗೊಂದು ಸಮಸ್ಯೆಯೂ ಹುಟ್ಟಿತು. ಜರಾಯು ಕುಗ್ಗಿದ ಗಳಿಗೆಯಲ್ಲಿ ತೆಗೆದ ಅಂಕಿಗೂ ಹಿಗ್ಗಿದ ಗಳಿಗೆಯಲ್ಲಿ ತೆಗೆದ ಅಂಕಿಗೂ ವ್ಯತ್ಯಾಸ ಬರುವುದಾದರೆ, ಒಮ್ಮೆ ಅಳೆದು ‘ಕಡಿಮೆ ಇದೆ’ ಎಂದು ವರದಿ ಬರೆಯುವುದು ಹೇಗೆ?

ಎರಡು ವಾದಗಳು

ಎಂಆರ್‌ಐ ಪರವಾಗಿರುವವರು ಹೇಳುವುದು ಇದು: ಮಗು ಸಣ್ಣಗಾದ ಮೇಲೆ, ಬಿ.ಪಿ. ಏರಿದ ಮೇಲೆ ನಮ್ಮ ಬಳಿ ಉಳಿಯುವ ಚಿಕಿತ್ಸೆ ಒಂದೇ, ಹೆರಿಗೆ ಮಾಡಿಸುವುದು. ಏಳನೇ ತಿಂಗಳಲ್ಲಿ ಹಾಗೆ ಹೆರಿಗೆ ಮಾಡಿಸಿದರೆ ಮಗು ತಿಂಗಳುಗಟ್ಟಲೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಇರಬೇಕಾಗಬಹುದು. ಕಾಯಿಲೆ ಹುಟ್ಟುವ ಜಾಗವನ್ನೇ ಬೇಗ ನೋಡಲು ಸಾಧ್ಯವಾದರೆ ತಡೆಯುವ ದಾರಿಯನ್ನೂ ಹುಡುಕಬಹುದು.

ಹೆರಿಗೆ ವಾರ್ಡ್‌ನ ಅನುಭವವಿರುವ ಅನೇಕ ವೈದ್ಯರ ಪ್ರತಿವಾದ ಅಷ್ಟೇ ಗಟ್ಟಿ. ಬೇಗ ಗೊತ್ತಾಗುವುದರಿಂದ ಉಪಯೋಗವಾಗಬೇಕಾದರೆ, ಗೊತ್ತಾದ ಮೇಲೆ ಮಾಡಲು ಏನಾದರೂ ಇರಬೇಕು. ಈಗ ಕೈಯಲ್ಲಿರುವ ಮುಖ್ಯ ತಡೆಮದ್ದು ಆಸ್ಪಿರಿನ್. 2017ರಲ್ಲಿ ಪ್ರಕಟವಾದ ಆಸ್ಪ್ರೆ ಪ್ರಯೋಗದಲ್ಲಿ, ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ 11–14ನೇ ವಾರದಿಂದ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ 37 ವಾರಕ್ಕೆ ಮೊದಲೇ ಬರುವ ಪ್ರಿ-ಎಕ್ಲಾಂಪ್ಸಿಯಾ ಶೇ 62ರಷ್ಟು ಕಡಿಮೆಯಾಯಿತು. ಅಪಾಯ ಯಾರಿಗೆ ಹೆಚ್ಚು ಎಂದು ಗುರುತಿಸಿದ್ದು ತಾಯಿಯ ಆರೋಗ್ಯದ ಹಿನ್ನೆಲೆ, ಬಿ.ಪಿ., ಡಾಪ್ಲರ್ ಮತ್ತು ರಕ್ತಪರೀಕ್ಷೆಯಿಂದ. ಎಂಆರ್‌ಐ ಅಲ್ಲಿ ಇರಲಿಲ್ಲ. ಆಸ್ಪಿರಿನ್ ಕೆಲಸ ಮಾಡಬೇಕಾದರೆ 16ನೇ ವಾರದೊಳಗೆ ಶುರುವಾಗಬೇಕು. ಐದನೇ ತಿಂಗಳ ಎಂಆರ್‌ಐ ಆ ರೈಲು ತಪ್ಪಿಸಿಕೊಂಡಿರುತ್ತದೆ. ಮೇಲಾಗಿ, ‘ರಕ್ತ ಸ್ವಲ್ಪ ಕಡಿಮೆ ಇದೆ’ ಎಂಬ ಅರೆಖಚಿತ ವರದಿ ಕೈಗೆ ಬಂದರೆ ಮನೆಯವರೂ ವೈದ್ಯರೂ ಕಾಯುವ ಧೈರ್ಯ ಕಳೆದುಕೊಳ್ಳುತ್ತಾರೆ. ಕರ್ನಾಟಕದಲ್ಲಿ ಈಗಲೇ ಮೂರರಲ್ಲಿ ಒಂದರ ಹತ್ತಿರದಷ್ಟು ಹೆರಿಗೆಗಳು ಸಿಸೇರಿಯನ್ ಎಂಬುದನ್ನು ಇಲ್ಲಿ ನೆನೆಯಬೇಕು.

ಎರಡನೇ ವಾದ ಇಂದಿನ ಮಟ್ಟಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರಿಂದ ಎಂಆರ್‌ಐ ಸಂಶೋಧನೆ ವ್ಯರ್ಥ ಎಂದಾಗುವುದಿಲ್ಲ. ಅದರ ಮೊದಲ ಉಪಯೋಗ ಒಬ್ಬೊಬ್ಬ ಗರ್ಭಿಣಿಗೂ ವರದಿ ಬರೆದುಕೊಡುವುದರಲ್ಲಿಲ್ಲ, ಔಷಧಗಳ ಪರೀಕ್ಷೆಯಲ್ಲಿದೆ. ಯಾಕೆ ಎಂಬುದಕ್ಕೆ ಒಂದು ಕಹಿ ಉದಾಹರಣೆ ಇದೆ.

ಸಿಲ್ಡೆನಾಫಿಲ್ ಪ್ರಯೋಗದಲ್ಲಿ ಆದದ್ದು

ವಯಾಗ್ರ ಎಂಬ ಹೆಸರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಿಲ್ಡೆನಾಫಿಲ್ ರಕ್ತನಾಳಗಳನ್ನು ಸಡಿಲಿಸುತ್ತದೆ. ಗರ್ಭಕೋಶದ ನಾಳಗಳನ್ನೂ ಸಡಿಲಿಸಿದರೆ ಜರಾಯುವಿಗೆ ಹೆಚ್ಚು ರಕ್ತ ಹೋಗಿ, ಬೆಳವಣಿಗೆ ನಿಂತ ಮಗು ಇನ್ನಷ್ಟು ದಿನ ಹೊಟ್ಟೆಯಲ್ಲಿ ಉಳಿಯಬಹುದು ಎಂಬ ಆಸೆಯಿಂದ ಹಲವು ದೇಶಗಳಲ್ಲಿ ‘ಸ್ಟ್ರೈಡರ್’ ಹೆಸರಿನ ಪ್ರಯೋಗಗಳು ನಡೆದವು. ಬ್ರಿಟನ್ನಿನಲ್ಲಿ ಉಪಯೋಗ ಕಾಣಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಔಷಧ ಪಡೆದ ತಾಯಂದಿರ ಶಿಶುಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ತೊಂದರೆಯಿಂದ ಸಾವುಗಳು ಸಂಭವಿಸಿ 2018ರ ಜುಲೈನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಔಷಧದ ಹಿಂದಿನ ತರ್ಕವೆಲ್ಲ ನಿಂತಿದ್ದು ಜರಾಯುವಿಗೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆಯ ಮೇಲೆ. ಹೆಚ್ಚಿತೇ, ಯಾರಲ್ಲಿ ಹೆಚ್ಚಿತು, ಎಷ್ಟು ಹೆಚ್ಚಿತು ಎಂದು ಅಂಗಾಂಶದ ಮಟ್ಟದಲ್ಲಿ ನೋಡುವ ನೆಚ್ಚಬಹುದಾದ ಅಳತೆಗೋಲು ವೈದ್ಯರ ಕೈಯಲ್ಲಿ ಇರಲಿಲ್ಲ. ನೂರಾರು ತಾಯಂದಿರು, ವರ್ಷಗಳ ಕಾಯುವಿಕೆ, ಕೊನೆಗೆ ಶಿಶುಗಳ ಸಾವು ಬದುಕೇ ಉತ್ತರವಾಗಬೇಕಾಯಿತು. ಮುಂದಿನ ಔಷಧ ಬಂದಾಗ ಕೆಲವೇ ಮಂದಿ ಸ್ವಯಂಸೇವಕಿಯರಲ್ಲಿ ಮೊದಲ ಡೋಸಿನ ಹಿಂದೆಮುಂದೆ ಎಂಆರ್‌ಐ ಮಾಡಿ, ಹರಿವು ಹೆಚ್ಚದಿದ್ದರೆ ಅಲ್ಲಿಗೇ ಕೈಬಿಡುವುದು ಸಾಧ್ಯವಾದರೆ, ಅದೊಂದೇ ಈ ತಂತ್ರಜ್ಞಾನಕ್ಕೆ ಹಾಕಿದ ಹಣವನ್ನು ಸಾರ್ಥಕಗೊಳಿಸುತ್ತದೆ. ಹೀಗೆ ಬಳಸುವಾಗ ‘ಸಾಮಾನ್ಯ ಎಷ್ಟು’ ಎಂಬ ಪಟ್ಟಿ ಪಕ್ಕಾ ಆಗುವವರೆಗೂ ಕಾಯಬೇಕಿಲ್ಲ. ಅದೇ ತಾಯಿಯ ಹಿಂದಿನ ಅಂಕಿಯೇ ಹೋಲಿಕೆಗೆ ಸಿಗುತ್ತದೆ.

ನಮ್ಮಲ್ಲಿ ಇದು ಬರುವ ದಾರಿ

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮೃತ ಜನನಗಳಾಗುತ್ತಿದ್ದವು. ಅವುಗಳಲ್ಲಿ ಸುಮಾರು 3.4 ಲಕ್ಷ ಭಾರತದಲ್ಲಿ, ಬೇರೆಲ್ಲ ದೇಶಗಳಿಗಿಂತ ಹೆಚ್ಚು. ಇಷ್ಟು ದೊಡ್ಡ ನಷ್ಟ ಇರುವ ದೇಶಕ್ಕೆ ಜರಾಯುವಿನ ಸಂಶೋಧನೆ ದೂರದ ವಿಷಯವಲ್ಲ. ಆದರೆ ಇಲ್ಲಿನ ಕೊರತೆ ಮೊದಲು ಇರುವುದು ಬೇರೆ ಕಡೆ. ತಾಯಿ ಕಾರ್ಡ್‌ನಲ್ಲಿ ಬಿ.ಪಿ. ಮತ್ತು ತೂಕದ ಕಾಲಂ ಪ್ರತಿ ಭೇಟಿಯಲ್ಲೂ ತುಂಬುವುದು, ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಮಾತೃತ್ವ ಅಭಿಯಾನದ ತಪಾಸಣೆಗೆ ತಜ್ಞ ವೈದ್ಯರು ಸಿಗುವುದು, ಅಪಾಯವಿರುವವರಿಗೆ 16 ವಾರದೊಳಗೆ ಆಸ್ಪಿರಿನ್ ಶುರುವಾಗುವುದು, ಕೊನೆಯ ಮೂರು ತಿಂಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ಜೊತೆ ಡಾಪ್ಲರ್ ಆಗುವುದು. ಭಾರತೀಯ ರೇಡಿಯಾಲಜಿ ಸಂಘ ‘ಸಂರಕ್ಷಣ್’ ಎಂಬ ಕಾರ್ಯಕ್ರಮದಡಿ ಮೂರೂ ತ್ರೈಮಾಸಿಕಗಳಲ್ಲಿ ಡಾಪ್ಲರ್ ಬಳಸುವುದನ್ನು ಜಿಲ್ಲೆಗಳಿಗೆ ಒಯ್ಯಲು ಹೊರಟಿರುವುದು ಈ ದೃಷ್ಟಿಯಿಂದ ಸರಿಯಾದ ಕೆಲಸ. ತೂಬಿನ ಬಳಿಯ ಅಳತೆಯೇ ಎಲ್ಲರಿಗೂ ಸಿಗುತ್ತಿಲ್ಲ.

ಮುಂದೆ ಎಂಆರ್‌ಐ ಬಂದರೆ ಮೊದಲು ಬರುವುದು ಟಿ2 ಸ್ಟಾರ್ ವಿಧಾನ ಎಂಬುದು ನನ್ನ ಅಂದಾಜು. ಕಿಂಗ್ಸ್ ಕಾಲೇಜು 0.55 ಟೆಸ್ಲಾದ, ಕಡಿಮೆ ಶಕ್ತಿಯ ಯಂತ್ರದಲ್ಲಿ ಗರ್ಭಿಣಿಯರ ಸ್ಕ್ಯಾನ್ ಮಾಡುತ್ತಿದೆ. ಈ ಬಗೆಯ ಯಂತ್ರದ ಬಾಯಿ 80 ಸೆಂಟಿಮೀಟರ್ ಅಗಲ, ಹಾಗಾಗಿ ತುಂಬು ಗರ್ಭಿಣಿಗೆ ಉಸಿರುಗಟ್ಟಿದಂತಾಗುವುದಿಲ್ಲ. ಬೆಲೆಯೂ ನಿರ್ವಹಣೆಯ ಖರ್ಚೂ ದೊಡ್ಡ ಯಂತ್ರಗಳಿಗಿಂತ ಕಡಿಮೆ. ಟಿ2 ಸ್ಟಾರ್ ಅಳತೆಗೆ ಕಡಿಮೆ ಶಕ್ತಿಯೇ ಅನುಕೂಲ. ಎಎಸ್‌ಎಲ್‌ಗೆ ಹಾಗಲ್ಲ, ಅದರ ಸಂಕೇತ ಅಲ್ಲಿ ಇನ್ನಷ್ಟು ಸೊರಗುತ್ತದೆ, ಗುರುತು ಇನ್ನೂ ಬೇಗ ಅಳಿಸುತ್ತದೆ.

ಕಾನೂನಿನ ಮಾತೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯಿದೆ ಅಲ್ಟ್ರಾಸೌಂಡ್‌ಗೆ ಮಾತ್ರ ಸೀಮಿತ ಎಂದು ಹಲವರು ತಿಳಿದಿದ್ದಾರೆ. ಭ್ರೂಣದ ಲಿಂಗ ತಿಳಿಸಬಲ್ಲ ಯಾವುದೇ ಇಮೇಜಿಂಗ್ ಯಂತ್ರ, ಸ್ಕ್ಯಾನರ್ ಅದರ ವ್ಯಾಪ್ತಿಗೆ ಬರುತ್ತದೆ. ಗರ್ಭಿಣಿಯ ಎಂಆರ್‌ಐನಲ್ಲಿ ಮಗುವೂ ಕಾಣುವುದರಿಂದ ಜರಾಯುವಿನ ಅಧ್ಯಯನಕ್ಕೂ ನೋಂದಣಿ, ದಾಖಲೆ ಎಲ್ಲ ಬೇಕಾಗುತ್ತದೆ. ಇದು ಸಂಶೋಧಕರಿಗೆ ಹೊರೆ, ಆದರೆ ನಮ್ಮ ಸಮಾಜದಲ್ಲಿ ಇಳಿಸಬಹುದಾದ ಹೊರೆಯಲ್ಲ.

ಇಷ್ಟರ ನಡುವೆ ಯಾರಾದರೂ ಗರ್ಭಿಣಿಗೆ ಎಂಆರ್‌ಐ ಬರೆದುಕೊಟ್ಟರೆ ಗಾಬರಿಯಾಗಬೇಕಿಲ್ಲ; ಯಾತಕ್ಕಾಗಿ ಎಂದು ಕೇಳಬೇಕು. ಜರಾಯು ಅಂಟಿಕೊಂಡಿದೆಯೇ ಎಂದು ನೋಡಲು, ಅಥವಾ ಮಗುವಿನ ಮೆದುಳು–ಬೆನ್ನುಹುರಿಯಲ್ಲಿ ಸ್ಕ್ಯಾನ್ ತೋರಿಸಿದ ಸಂಶಯ ಬಗೆಹರಿಸಲು ಎಂದಾದರೆ ಅದು ಒಪ್ಪಿತವಾದ ಪರೀಕ್ಷೆ, ತಡ ಮಾಡದೆ ಮಾಡಿಸಿಕೊಳ್ಳಬೇಕು. ಜರಾಯುವಿನ ರಕ್ತಸಂಚಾರ ಅಳೆಯಲು ಎಂದಾದರೆ ಅದು ಸದ್ಯಕ್ಕೆ ಸಂಶೋಧನೆ. ಸಂಶೋಧನೆ ಎಂದ ಮೇಲೆ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ತಾಯಿಗೆ ಅರ್ಥವಾಗುವ ಭಾಷೆಯ ಒಪ್ಪಿಗೆ ಪತ್ರ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅದರ ಖರ್ಚನ್ನು ಭಾಗವಹಿಸುವವರಿಂದ ವಸೂಲಿ ಮಾಡುವಂತಿಲ್ಲ. ಬಿಲ್ ಕೈಗೆ ಕೊಟ್ಟರೆ, ಆ ಅಂಕಿ ನೋಡಿ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಅಲ್ಲೇ ಕೇಳುವ ಹಕ್ಕು ಮನೆಯವರಿಗಿದೆ.